ಎರಡು ತಿಂಗಳ ಪ್ರೀತಿಗೆ ಇಷ್ಟು ದಿನ ಅಳಬಹುದಾ?

ಡಿಸೆಂಬರ್ ಕೊನೆಯ ವಾರ ಕೊಪ್ಪಳದ ಹತ್ತಿರದ ಹಳ್ಳಿಯ ಹುಡುಗನೊಬ್ಬ ಕೌನ್ಸೆಲಿಂಗ್‌ಗೆ ನನ್ನ ಬಳಿ ಬಂದ. ವಯಸ್ಸು 26. ಗಿಣಿಗೇರಾ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸ. (ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವನೇ ಒಪ್ಪಿದ.) ತುಂಬಾ ಹೊತ್ತು ಮೊಬೈಲಿನ ಕವರ್ ತೆಗೆಯುತ್ತಾ ಹಾಕುತ್ತಾ ಕೂತಿದ್ದ. ಆಮೇಲೆ ಹೇಳಿದ: "ಬರೇ ಎರಡ ತಿಂಗಳದ್ದು ರೀ ಮೇಡಂ. ಬಿಟ್ಟು ಒಂಬತ್ತು ತಿಂಗಳಾತು. ಇನ್ನೂ ನಿದ್ದಿ ಬರವಲ್ದು. ಹೇಳಾಕ ನಾಚಿಕಿ ಆಗ್ತೈತ್ರಿ."

ಹಿಂದಿನ ಜನವರಿಯಲ್ಲಿ ಗವಿಮಠದ ಜಾತ್ರೆಯ ದಾಸೋಹದಲ್ಲಿ ರೊಟ್ಟಿ ಬಡಿಸಲು ನಿಂತಿದ್ದಾಗ ಆ ಹುಡುಗಿಯ ಪರಿಚಯ. ಅವಳೂ ಬಡಿಸಲು ಬಂದಿದ್ದಳು. ಫೋನು, ಮೆಸೇಜು, ಒಂದು ಭಾನುವಾರ ಮುನಿರಾಬಾದಿನ ಡ್ಯಾಮ್ ಹತ್ತಿರ ಸುತ್ತಾಟ. ಯುಗಾದಿಗೆ ಮುಂಚೆ ಅವಳಿಗೆ ಮನೆಯಲ್ಲಿ ಗಂಡು ಗೊತ್ತಾಯಿತು. "ಇನ್ನು ಫೋನ್ ಮಾಡಬ್ಯಾಡ" ಅಂದಳು. ಅಷ್ಟೇ. ಜಗಳ ಇಲ್ಲ, ಮೋಸ ಇಲ್ಲ. ಬೈಯಲಿಕ್ಕೂ ಯಾರೂ ಇಲ್ಲ.

ಮೊದಲು ನಾನು ನೇರವಾಗಿಯೇ ಕೇಳಿದೆ, ಸಾಯಬೇಕು ಅನಿಸಿದೆಯಾ ಅಂತ. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತೆ ಅಂತ ಜನ ಹೆದರುತ್ತಾರೆ. ಹುಟ್ಟಲ್ಲ. ಕೇಳಿದರೆ ಮನಸ್ಸು ಹಗುರಾಗುತ್ತೆ. "ಸಾಯೂದಲ್ರೀ, ಮುಂಜಾನೆ ಏಳೂದ ಬ್ಯಾಡ ಅನಸ್ತೈತಿ" ಅಂದ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ನಂಬರನ್ನು ಅಲ್ಲೇ ಸೇವ್ ಮಾಡಿಸಿದೆ. ದುಡ್ಡು ಬೇಕಿಲ್ಲ, ನಡುರಾತ್ರಿಯಲ್ಲೂ ಕನ್ನಡದಲ್ಲೇ ಮಾತಾಡಬಹುದು.

ಗೆಳೆಯರೆಲ್ಲ "ಮರೆತುಬಿಡಲೇ" ಅಂದಿದ್ದರು. ಅವನೂ ಮರೆಯಲು ಬಹಳ ಕಷ್ಟಪಟ್ಟಿದ್ದ, ಕಾಟ ಜಾಸ್ತಿಯಾಗಿದ್ದೇ ಅದರಿಂದ. 1987ರಲ್ಲಿ ಅಮೆರಿಕದ ಮನೋವಿಜ್ಞಾನಿ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ಕೆಲವರಿಗೆ ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಅಂದರು. ಅವರು ಗಂಟೆ ಬಾರಿಸುತ್ತಲೇ ಇದ್ದರು. ಆಮೇಲೆ ನೆನೆಯಬಹುದು ಅಂದಾಗ, ಮೊದಲು ತಡೆದುಕೊಂಡಿದ್ದವರಿಗೇ ಕರಡಿ ಇನ್ನೂ ಹೆಚ್ಚು ಬಂತು. ಅದಕ್ಕೇ ನಾನು ಅವನಿಗೆ ಮರೆ ಅನ್ನಲಿಲ್ಲ. ದಿನಾ ಸಂಜೆ ಏಳಕ್ಕೆ ಹದಿನೈದು ನಿಮಿಷ ಅವಳಿಗೇ ಇಡು ಅಂದೆ. ಅಳು ಬಂದರೆ ಅಳು. ಕೆಲಸದ ನಡುವೆ ನೆನಪಾದರೆ "ಏಳಕ್ಕೆ ಬಾ" ಅಂತ ಕಳಿಸು. ಪಾಳಿ ಬದಲಾದರೆ ಹೊತ್ತೂ ಬದಲಾಗಲಿ.

ಎರಡನೇ ಸಲ ಬಂದಾಗ ಒಂದು ನೋಟ್‌ಬುಕ್ ಕೊಟ್ಟೆ. ಎಡಕ್ಕೆ ನಿಜವಾಗಿ ನಡೆದದ್ದು, ಬಲಕ್ಕೆ ಮನಸ್ಸಿನಲ್ಲಿ ಕಟ್ಟಿಕೊಂಡದ್ದು ಬರಿ ಅಂದೆ. ಎಡಗಡೆ ಅರ್ಧ ಪುಟಕ್ಕೇ ಮುಗಿಯಿತು. ಬಲಗಡೆ ನಾಲ್ಕು ಪುಟ ತುಂಬಿತು. ಕೊಪ್ಪಳದಲ್ಲಿ ಬಾಡಿಗೆ ಮನೆ, ಅವ್ವ ಅವಳಿಗೆ ಹೇಳಿಕೊಡುವ ಎಣ್ಣೆಗಾಯಿ, ಮಗಳಿಗೆ ಇಡುವ ಹೆಸರು ಕೂಡ. ಓದುತ್ತಾ ಓದುತ್ತಾ ಅವನೇ ನಿಲ್ಲಿಸಿದ. "ಇದು ಯಾವುದೂ ಆಗೇ ಇಲ್ಲಲ್ರೀ."

ಹೌದು, ಆಗಿಲ್ಲ. ಆದರೆ ಅವನು ಕಳೆದುಕೊಂಡದ್ದು ಅದನ್ನೇ. ಜನ ಇಂಥ ನೋವನ್ನು ದಿನದ ಲೆಕ್ಕದಲ್ಲಿ ಅಳೆಯುವುದು ನನಗೆ ಬೇಜಾರು. ಹತ್ತು ವರ್ಷದ ಸಂಸಾರದಲ್ಲಿ ಮುನಿಸು, ಜ್ವರ, ಸಾಲ ಎಲ್ಲಾ ಕಂಡಿರುತ್ತೆ. ಎರಡು ತಿಂಗಳ ಪ್ರೀತಿ ಇನ್ನೂ ಒಂದು ಬೇಸರದ ದಿನವನ್ನೂ ನೋಡಿರಲ್ಲ. ಎಲ್ಲಾ ಚೆಂದವಾಗಿದ್ದಾಗಲೇ ನಿಂತುಹೋಗಿರುತ್ತೆ, ಅದಕ್ಕೇ ಅಷ್ಟು ಹಿಡಿಯುತ್ತೆ. ಜೊತೆಗೆ, ಮನೆಯಲ್ಲಿ ಸಾವಾದರೆ ನಾಲ್ಕು ಜನ ಬಂದು ಕೂರುತ್ತಾರೆ. ಇದಕ್ಕೆ ಯಾರೂ ಬರಲ್ಲ. ಅಕ್ಕನಿಗೆ ಒಬ್ಬಳಿಗಾದರೂ ಹೇಳು ಅಂದೆ. ಒಂದು ವಾರ ತಡೆದು ಹೇಳಿದ. ಅಕ್ಕ ಏನೂ ಕೇಳಲಿಲ್ಲವಂತೆ, ಚಹಾ ಮಾಡಿಕೊಟ್ಟು ಪಕ್ಕದಲ್ಲಿ ಕೂತಳಂತೆ.

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಮಾತಾಡಬೇಕಾಯಿತು. ಗೆಳೆಯನ ಸಿಮ್‌ನಿಂದ ಅವಳ ಸ್ಟೇಟಸ್ ನೋಡುತ್ತಿದ್ದ, ರಾತ್ರಿ ಇಡೀ. ಎರಡು ಸಲ ಮೆಸೇಜನ್ನೂ ಹಾಕಿದ್ದ. "ತಮ್ಮಾ, ಅವಳು ಬೇಡ ಅಂದಿದ್ದಾಳೆ. ನಿನ್ನ ನೋವು ನಿಜ, ಆದರೆ ಅದನ್ನು ಅವಳ ಬಾಗಿಲಿಗೆ ಒಯ್ಯಬಾರದು" ಅಂದೆ. ಮುಖ ಸಣ್ಣದಾಯಿತು. ಸಿಮ್ ವಾಪಸ್ ಕೊಟ್ಟ. ರಾತ್ರಿ ಹತ್ತಾದರೆ ಫೋನು ಪಡಸಾಲೆಯಲ್ಲಿ ಚಾರ್ಜಿಗೆ, ಅವನು ಒಳಗೆ. ಮೊದಲ ಮೂರು ರಾತ್ರಿ ಬಹಳ ಒದ್ದಾಡಿದ. ಎರಡು ವಾರಕ್ಕೆ ನಿದ್ದೆ ಐದು ತಾಸಿಗೆ ಬಂತು. ಬರದೇ ಇದ್ದಿದ್ದರೆ, ಊಟ ಬಿಟ್ಟಿದ್ದರೆ, ಕುಡಿತಕ್ಕೆ ಇಳಿದಿದ್ದರೆ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ.

ಅಷ್ಟರಲ್ಲಿ ಜಾತ್ರೆ ಬಂತು. ಅವನಿಗೆ ಹೆದರಿಕೆ ಇದ್ದದ್ದೇ ಇದರದು. ಊರಿನ ಮನೆಮನೆಯಲ್ಲೂ ದಾಸೋಹಕ್ಕೆ ರೊಟ್ಟಿ ಬಡಿಯುವ ಸದ್ದು. ಈ ಸಲ ಹೋಗಲ್ಲ ಅಂದ. ತಪ್ಪಿಸಿಕೊಂಡಷ್ಟೂ ಆ ಜಾಗ ದೊಡ್ಡದಾಗುತ್ತೆ, ಅಕ್ಕನ ಜೊತೆ ಹೋಗು, ಒಂದು ತಾಸು ನಿಲ್ಲು, ತಡೆಯದಿದ್ದರೆ ಬಂದುಬಿಡು ಅಂದೆ.

ಮುಂದಿನ ವಾರ ಬಂದವನು ತಾನೇ ಶುರು ಮಾಡಿದ. "ಆ ಜಾಗ ನೋಡಿದ ಕೂಡ್ಲೇ ಹೊಟ್ಟ್ಯಾಗ ಸಂಕಟ ಆತ್ರಿ. ವಾಪಸ್ ಹೊಂಟಿದ್ದೆ. ಸಾಲಿನ್ಯಾಗ ಒಬ್ಬಾಕಿ ಆಯಿ ತಾಟು ಮುಂದ ಹಿಡಿದು, ಮೆತ್ತಂದು ನೋಡಿ ಕೊಡಪ್ಪಾ, ಹಲ್ಲಿಲ್ಲ ಅಂದ್ಲು. ಹುಡುಕಿ ಕೊಟ್ಟೆ. ಆಮ್ಯಾಲೆ ಹಿಂದಿನಾಂವ ಬಂದ, ಅವನ ಹಿಂದಿನಾಂವ ಬಂದ. ಟೈಮ್ ನೋಡಿದ್ರ ಮೂರು ತಾಸಾಗಿತ್ರಿ."