ಬಾಟಿಕ್ ಅಂಗಿಗೂ ಅಂಟುವಾಳವೇ

ಪ್ರಶ್ನೆ: ಇಂಡೊನೇಷ್ಯಾದವರ ಅಕ್ಟೋಬರ್ 2ರ ಬಾಟಿಕ್ ದಿನದ ರೀಲ್ಸ್ ನೋಡಿ ಒಂದು ಅಂಗಿ ತರಿಸಿದೆ. ‘ಕೈಯಲ್ಲಿ ಬರೆದದ್ದು’ ಎಂದಿತ್ತು. ಮೊದಲ ಒಗೆತಕ್ಕೇ ಬಕೆಟ್ ನೀರೆಲ್ಲ ಕಂದಾಯಿತು. ಮೋಸಹೋದೆನಾ?
– ಬಿ.ಕಾಂ. ವಿದ್ಯಾರ್ಥಿ, ದಾವಣಗೆರೆ

ಉತ್ತರ: ಬಾಟಿಕ್ ಎಂದರೆ ಬಟ್ಟೆಯ ಮೇಲೆ ಮೇಣದಲ್ಲಿ ಚಿತ್ತಾರ ಬಿಡಿಸಿ ಬಣ್ಣ ಹಾಕುವ ಕಲೆ; ಮೇಣ ಕೂತಲ್ಲಿ ಬಣ್ಣ ಹಿಡಿಯದು. ಬಣ್ಣ ಬಿಟ್ಟ ಮಾತ್ರಕ್ಕೆ ನಕಲಿ ಎನ್ನಲಾಗದು. ಕಡುಬಣ್ಣದ ಅಸಲಿ ಬಾಟಿಕ್ ಕೂಡ ಮೊದಲ ಒಂದೆರಡು ಒಗೆತದಲ್ಲಿ ಮಿಕ್ಕ ಬಣ್ಣ ಬಿಡುತ್ತದೆ. ಅಂಗಿಯ ಒಳಮಗ್ಗಲು ತಿರುವಿ ನೋಡಿ. ‘ಚಾಂಟಿಂಗ್’ ಎಂಬ ತಾಮ್ರದ ಪುಟ್ಟ ಕೊಳವೆಮೂತಿಯ ಲೇಖನಿಯಿಂದ ಕಾದ ಮೇಣದಲ್ಲಿ ಗೆರೆ ಎಳೆದದ್ದು ‘ತುಲಿಸ್’. ತಾಮ್ರದ ಅಚ್ಚನ್ನು ಮೇಣದಲ್ಲಿ ಅದ್ದಿ ಒತ್ತಿದ್ದು ‘ಚಾಪ್’. ಎರಡರಲ್ಲೂ ಚಿತ್ತಾರ ಹಿಂದೆ ಮುಂದೆ ಹೆಚ್ಚುಕಡಿಮೆ ಒಂದೇ. ಹಿಂಬದಿ ಮಾಸಲಾಗಿದ್ದರೆ ಬರೀ ಪ್ರಿಂಟು. ಆಮೇಲೆ ಪಕ್ಕಪಕ್ಕದ ಎರಡು ಹೂವಿನೊಳಗಿನ ಚುಕ್ಕಿ ಎಣಿಸಿ. ತುಲಿಸ್ ಆದರೆ ಒಂದರಲ್ಲಿ 7, ಇನ್ನೊಂದರಲ್ಲಿ 8 ಇದ್ದೀತು, ದಪ್ಪವೂ ಬೇರೆ. ಎಲ್ಲ ಒಂದೇ ಅಳತೆಯಾಗಿದ್ದು, ನಡುನಡುವೆ ಅಚ್ಚು ಕೂಡಿದ ಗುರುತು ಕಂಡರೆ ಚಾಪ್. ಅದೂ ಅಸಲಿಯೇ, ಆದರೆ ತುಲಿಸ್ ಬೆಲೆ ಕೊಡಬೇಡಿ. ತುಲಿಸ್ ಬಟ್ಟೆ ಬರೆಯಲು ವಾರಗಟ್ಟಲೆ ಹಿಡಿಯುತ್ತದೆ. 500 ರೂಪಾಯಿಗೆ ಬಂದಿದ್ದರೆ ಚುಕ್ಕಿ ಎಣಿಸುವ ಶ್ರಮವೂ ಬೇಡ.

ಇನ್ನು ಒಗೆತ. ಜಾವಾದಲ್ಲಿ ಬಾಟಿಕ್ ಒಗೆಯುವುದು ‘ಲೆರಾಕ್’ ಕಾಯಿಯಿಂದ, ಅದು ನಮ್ಮ ಅಂಟುವಾಳದ ದಾಯಾದಿ! ಗ್ರಂಥಿಗೆ ಅಂಗಡಿಯಿಂದ 8-10 ಕಾಯಿ ತಂದು ಬೀಜ ತೆಗೆದು, 1 ಲೀಟರ್ ನೀರಲ್ಲಿ ರಾತ್ರಿ ನೆನೆಹಾಕಿ. ಬೆಳಿಗ್ಗೆ ಕಿವುಚಿ, ಸೋಸಿ, 5 ಲೀಟರ್ ತಣ್ಣೀರಿಗೆ ಬೆರೆಸಿ. ಅಂಗಿಯನ್ನು 10 ನಿಮಿಷ ಅದ್ದಿಟ್ಟು ಮೆಲ್ಲಗೆ ಅಲುಬಿ, ತಿರುಚಿ ಹಿಂಡದೆ ನೆರಳಿಗೆ ಹರವಿ. ಬೋರ್‌ವೆಲ್ಲಿನ ಗಡಸು ನೀರಲ್ಲಿ ಸೋಪು ಒಡೆದು ಬಟ್ಟೆಗೆ ಬಿಳಿ ಗಸಿ ಹಿಡಿಯುತ್ತದಲ್ಲ, ಅಂಟುವಾಳಕ್ಕೆ ಆ ತಕರಾರಿಲ್ಲ. ಉಪ್ಪು, ವಿನಿಗರ್ ಹಾಕಿದರೆ ಬಣ್ಣ ನಿಲ್ಲುತ್ತದೆ ಎನ್ನುವುದು ಬಾಯಿಮಾತು. ಇಸ್ತ್ರಿಪೆಟ್ಟಿಗೆಗೆ ಜಿಡ್ಡು ಅಂಟಿದರೆ ಮೇಣ ಉಳಿದಿದೆ ಎಂದರ್ಥ. ಮೇಲೂ ಕೆಳಗೂ ಟಿಶ್ಯೂ ಕಾಗದ ಇಟ್ಟು ಒತ್ತಿ, ಕಾಗದ ಹೀರಿಕೊಳ್ಳುತ್ತದೆ.

ಪ್ರಶ್ನೆ: ಇಂಡೊನೇಷ್ಯಾದ ಜನಪ್ರಿಯ ದಾಂಗ್‌ದುತ್ ಹಾಡುಗಳಲ್ಲಿ ಹಳೇ ಹಿಂದಿ ಸಿನಿಮಾದ ವಾಸನೆ ಏಕೆ?
– ತಬಲಾ ಕಲಿಯುತ್ತಿರುವವರು, ಚಿತ್ರದುರ್ಗ

ಉತ್ತರ: ಮಲಯ ವಾದ್ಯಗೋಷ್ಠಿಗೆ ಹಿಂದಿ ಸಿನಿಮಾ ಸಂಗೀತ ಬೆರೆತೇ ಅದು ಹುಟ್ಟಿದ್ದು. 1970ರ ದಶಕದಲ್ಲಿ ಗಾಯಕ ರೋಮಾ ಇರಾಮಾ ತಮ್ಮ ಸೊನೇಟಾ ತಂಡದಲ್ಲಿ ಅದಕ್ಕೆ ರಾಕ್ ಗಿಟಾರ್ ಜೋಡಿಸಿದರು. ಹೆಸರೇ ಬೋಲು, ಅಂದರೆ ತಬಲಾ ನುಡಿ: ನಾಲ್ಕನೇ ಎಣಿಕೆಗೆ ‘ದಾಂಗ್’, ಮುಂದಿನ ಒಂದಕ್ಕೆ ‘ದುತ್’. ಡಗ್ಗಾದ (ತಬಲಾ ಜೋಡಿಯ ದಪ್ಪದನಿಯ ವಾದ್ಯ) ಮೇಲೆ ಅಂಗೈ ಒತ್ತಿ ಜಾರಿಸಿದರೆ ಆ ‘ದುತ್’ ಸಿಗುತ್ತದೆ. ಒಂದರಿಂದ ಶುರುಮಾಡಿದರೆ ತೂಗಾಟ ಬಾರದು, ನಾಲ್ಕರಿಂದ ಹಿಡಿಯಿರಿ. ಪೂರ್ವ ಜಾವಾದ ‘ಕೊಪ್ಲೊ’ ಎಂಬ ದಾಂಗ್‌ದುತ್ ಬಗೆ ಇನ್ನೂ ಚುರುಕು, ಅದು ಆಮೇಲೆ.

ಪ್ರಶ್ನೆ: ಜಕಾರ್ತದ ಹುಡುಗರಂತೆ ಜಯದೇವ ವೃತ್ತದ ಜೀಬ್ರಾ ಪಟ್ಟೆ ಮೇಲೆ ಫ್ಯಾಷನ್ ನಡಿಗೆಯ ರೀಲ್ಸ್ ಮಾಡಬಹುದೆ?
– ಗೆಳೆಯರ ಗುಂಪು, ದಾವಣಗೆರೆ

ಉತ್ತರ: ಬೇಡ. 2022ರಲ್ಲಿ ಜಕಾರ್ತದ ಹೊರವಲಯದ ಚಿತಾಯಾಮ್, ಡೆಪೋಕ್ ಕಡೆಯ ಹುಡುಗರು ರೈಲಿನಲ್ಲಿ ಬಂದು ನಗರದ ನಡುವಿನ ದುಕುಹ್ ಆತಾಸ್‌ನ ಜೀಬ್ರಾ ಪಟ್ಟೆ ಮೇಲೆ ನಡೆದಾಗ ರಸ್ತೆಯೇ ಕಟ್ಟಿಹೋಗಿ, ಅಧಿಕಾರಿಗಳು ತಡೆಯಬೇಕಾಯಿತು. ಅವರಿಂದ ಕಲಿಯಬೇಕಾದದ್ದು ಜಾಗವಲ್ಲ, ಅಗ್ಗದ ಬಟ್ಟೆಯನ್ನೇ ಜೋಡಿಸಿದ ಜಾಣ್ಮೆ. ಬೆಳಿಗ್ಗೆ ಎಳೆಬಿಸಿಲಿಗೆ ಕುಂದವಾಡ ಕೆರೆ ಏರಿಗೆ ಹೋಗಿ. ವಾಕಿಂಗಿನವರಿಗೆ ದಾರಿ ಬಿಡಿ.