ಮಳೆಗಾಲದ ಗೊಬ್ಬರಕ್ಕೆ ಬೇಸಿಗೆಯ ತರಗೆಲೆ

ಪ್ರಶ್ನೆ: ನಮ್ಮದು ನಾಲ್ಕನೇ ತರಗತಿವರೆಗಿನ ಶಾಲೆ. ಪರಿಸರ ಸಮಿತಿಯ ಮಕ್ಕಳು ಮಧ್ಯಾಹ್ನದ ಊಟದಲ್ಲಿ ಉಳಿದ ಅನ್ನ, ತರಕಾರಿ ಸಿಪ್ಪೆಗಳನ್ನು ಗೊಬ್ಬರದ ಹೊಂಡಕ್ಕೆ ಹಾಕುತ್ತಾರೆ. ಮಳೆ ಶುರುವಾದ ಮೇಲೆ ಹೊಂಡ ನಾರುತ್ತಿದೆ, ಹುಳುಗಳೂ ಆಗಿವೆ. ಮುಚ್ಚಿಬಿಡಿ ಎನ್ನುತ್ತಿದ್ದಾರೆ ಹೆತ್ತವರು. ಏನು ಮಾಡೋಣ?
– ಅಧ್ಯಾಪಿಕೆ, ಬದಿಯಡ್ಕ

ಉತ್ತರ: ಹೊಂಡ ಮುಚ್ಚಿ, ಗೊಬ್ಬರ ಮಾಡುವುದನ್ನು ಮಾತ್ರ ಬಿಡಬೇಡಿ. ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದಲ್ಲಿ ತೋಡಿದ ಹೊಂಡಕ್ಕೆ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಸುತ್ತಲಿಂದ ಒಸರು ಬರುತ್ತದೆ. ನೀರು ನಿಂತಲ್ಲಿ ಗಾಳಿಯಾಡುವುದಿಲ್ಲ. ಗಾಳಿಯಿಲ್ಲದೆ ಕೊಳೆತದ್ದು ನಾರದೆ ಇರದು. ಹಾಗಾಗಿ ನೆಲದ ಮೇಲೆಯೇ ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಎತ್ತರಕ್ಕೆ ತೊಟ್ಟಿಯಂತೆ ಮುರಕಲ್ಲು ಪೇರಿಸಿ. ಸಿಮೆಂಟು ಬೇಡ, ಕಲ್ಲುಗಳ ನಡುವೆ ಎರಡು ಬೆರಳು ಸಂದು ಬಿಡಿ. ಮೇಲೊಂದು ಶೀಟು, ಅಂಚು ಒಂದಡಿ ಹೊರಚಾಚಿರಲಿ.

ತಳಕ್ಕೆ ಅರ್ಧ ಅಡಿ ತೆಂಗಿನ ಸಿಪ್ಪೆ ಹಾಸಿ. ಆಮೇಲೆ ಒಂದು ಬಕೆಟ್ ಅಡುಗೆಮನೆಯ ಕಸಕ್ಕೆ ಮೂರು ಬಕೆಟ್ ಒಣ ತರಗೆಲೆ. ಹೆಚ್ಚಿನ ಶಾಲೆಗಳು ಸೋಲುವುದು ಇಲ್ಲೇ. ಪರಿಸರ ದಿನವಾದ ಜೂನ್ 5ಕ್ಕೆ ಸಮಿತಿ ರಚಿಸಿ ತರಗೆಲೆ ಹುಡುಕಿದರೆ ಒದ್ದೆ ಎಲೆಯಷ್ಟೇ ಸಿಗುತ್ತದೆ. ಗೇರು, ಹಲಸು, ಮಾವಿನ ಎಲೆ ಉದುರುವ ಫೆಬ್ರವರಿ-ಮಾರ್ಚಿನಲ್ಲೇ ಗುಡಿಸಿ, ಗೋಣಿಯಲ್ಲಿ ತುಂಬಿ, ಮೇಲಿನಿಂದ ತುಳಿದು ಹುಡಿ ಮಾಡಿ ಮಾಡಿನಡಿ ಇಟ್ಟುಕೊಳ್ಳಬೇಕು. ದಿನಕ್ಕೊಂದು ಬಕೆಟ್ ಕಸವಾಗುವ ಶಾಲೆಗೆ ಮಳೆಗಾಲ ದಾಟಲು ಐವತ್ತು ಗೋಣಿಯಾದರೂ ಬೇಕು. ಈ ವರ್ಷಕ್ಕೆ ತೆಂಗಿನ ನಾರಿನ ಹುಡಿ ಅಥವಾ ಮರದ ಮಿಲ್ಲಿನ ಹುಡಿ ತನ್ನಿ. ತೆಂಗಿನ ಗರಿ ಇದಕ್ಕೆ ಹಾಕಬೇಡಿ, ಅದು ಬೇಗ ಕೊಳೆಯುವುದಿಲ್ಲ. ಗರಿಯನ್ನು ಎರೆಹುಳುವಿನಿಂದ ಗೊಬ್ಬರ ಮಾಡುವ ಬೇರೆ ವಿಧಾನವನ್ನೇ ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ರೂಪಿಸಿದೆ.

ಸಾಂಬಾರಿನ ನೀರು ಬಸಿದೇ ಹಾಕಿ. ಮೀನಿನ ಮುಳ್ಳು ಬೇಡ, ಮೊಟ್ಟೆಯ ಚಿಪ್ಪು ಹುಡಿ ಮಾಡಿದರೆ ಆದೀತು. ಪ್ರತಿ ಸಲ ಕಸ ಕಾಣದಂತೆ ಎಲೆ ಮುಚ್ಚಿದರೆ ನೊಣ ಮೊಟ್ಟೆಯಿಡುವುದು ಕಡಿಮೆಯಾಗುತ್ತದೆ. ಒಂದು ಹಿಡಿ ತೆಗೆದು ಹಿಂಡಿದಾಗ ಎರಡು ಮೂರು ಹನಿ ಬಂದರೆ ಹದ. ಧಾರೆ ಇಳಿದರೆ ಎಲೆ ಸಾಲದು. ಹಿಂಡುವಾಗ ಕೈಗವಸು ಇರಲಿ. ಹದಿನೈದು ದಿನಕ್ಕೊಮ್ಮೆ ದೊಡ್ಡವರು ಮಗುಚಬೇಕು. ತುಂಬಿದ ಮೇಲೆ ಮೂರು ತಿಂಗಳಿಗೆ ಗೊಬ್ಬರ.

ಇನ್ನೊಂದು ಮಾತು: ಸಮಿತಿಯಲ್ಲಿ ನಾಲ್ಕನೆಯವರೇ ಇದ್ದರೆ ಮಾರ್ಚಿಗೆ ಕೆಲಸ ಗೊತ್ತಿದ್ದವರೆಲ್ಲ ಶಾಲೆ ಬಿಟ್ಟಿರುತ್ತಾರೆ. ಅರ್ಧದಷ್ಟು ಎರಡು, ಮೂರನೆಯ ಮಕ್ಕಳಿರಲಿ.

ಪ್ರಶ್ನೆ: ಪ್ರತಿ ವರ್ಷ ಪರಿಸರ ದಿನಕ್ಕೆ ನೆಟ್ಟ ಸಸಿಗಳು ಮರುವರ್ಷ ಶಾಲೆ ತೆರೆಯುವಾಗ ಒಣಗಿರುತ್ತವೆ. ಯಾಕೆ?
– ರಕ್ಷಕ-ಶಿಕ್ಷಕ ಸಂಘದ ಸದಸ್ಯರು, ಪೆರ್ಲ

ಉತ್ತರ: ಏಪ್ರಿಲ್-ಮೇ ರಜೆಯಲ್ಲಿ ನೀರಿಲ್ಲದೆ. ಒಂದಡಿ ಗುಂಡಿಯಲ್ಲಿ ಬೇರು ಮುರಕಲ್ಲಿಗೆ ತಾಗಿ ಅಲ್ಲೇ ಸುತ್ತಿಕೊಳ್ಳುತ್ತದೆ, ಆಳದ ತೇವ ಅದಕ್ಕೆ ಸಿಗುವುದೇ ಇಲ್ಲ. ಮೇ ತಿಂಗಳಲ್ಲೇ ಎರಡಡಿ ಆಳ-ಅಗಲದ ಗುಂಡಿ ತೆಗೆಸಿ, ತಳದಲ್ಲಿ ತೆಂಗಿನ ಸಿಪ್ಪೆಯನ್ನು ಗುಳಿ ಮೇಲಾಗಿ ಜೋಡಿಸಿ. ಅದು ನೀರು ಹಿಡಿದಿಡುತ್ತದೆ. ಮೇಲ್ಮಣ್ಣಿಗೆ ಐದು ಕಿಲೋ ಹಟ್ಟಿಗೊಬ್ಬರ ಬೆರೆಸಿ ತುಂಬಿ, ನೆಲ ಚೆನ್ನಾಗಿ ನೆನೆದ ಮೇಲೆ ನೆಡಿ. ಜೂನ್ 5ರೊಳಗೆ ಮಳೆ ಹಿಡಿಯದಿದ್ದರೆ ಅಂದು ಬೀಜ ಬಿತ್ತಿಸಿ, ಸಸಿ ಕಾಯಲಿ. ನವೆಂಬರಿನಲ್ಲಿ ಬುಡಕ್ಕೆ ದಪ್ಪ ತರಗೆಲೆ ಹೊದಿಸಿ. ನೂರು ನೆಡುವ ಬದಲು ಪುನರ್ಪುಳಿ, ನೆಲ್ಲಿ, ಪೇರಳೆಯಂತಹ ಹತ್ತು ಗಿಡ ಸಾಕು. ಒಂದೊಂದಕ್ಕೆ ರಜೆಯಲ್ಲಿ ನೀರು ಕೊಡಲು ಶಾಲೆಯ ಹತ್ತಿರದ ಒಂದೊಂದು ಮನೆ ಗೊತ್ತುಮಾಡಿ.

ಪ್ರಶ್ನೆ: ಕೈತೋಟದ ಅಲಸಂಡೆಗೆ ಕಪ್ಪು ಹೇನು ಬಂದಿದೆ. ಮದ್ದು?
– ಅಧ್ಯಾಪಕರು, ಮಂಜೇಶ್ವರ

ಉತ್ತರ: ಎಂಡೋಸಲ್ಫಾನ್ ಕೀಟನಾಶಕದ ನೋವುಂಡ ಕಾಸರಗೋಡು ಜಿಲ್ಲೆಯಿದು, ಮಕ್ಕಳ ತೋಟಕ್ಕೆ ರಾಸಾಯನಿಕ ವಿಷ ಬೇಡವೇ ಬೇಡ. ಐದು ಗ್ರಾಂ ಬಾರ್ ಸೋಪನ್ನು ಸ್ವಲ್ಪ ಬಿಸಿನೀರಲ್ಲಿ ಕರಗಿಸಿ, 20 ಮಿಲಿಲೀಟರ್ ಬೇವಿನೆಣ್ಣೆ ಹಾಕಿ ಬೆಳ್ಳಗಾಗುವವರೆಗೆ ಕಡೆಯಿರಿ. 20 ಗ್ರಾಂ ಬೆಳ್ಳುಳ್ಳಿ ಜಜ್ಜಿ ಸೋಸಿದ ರಸ ಸೇರಿಸಿ ಒಂದು ಲೀಟರ್ ಮಾಡಿ. ಸೋಪಿಲ್ಲದೆ ಎಣ್ಣೆ ತೇಲಿ ಎಲೆ ಸುಡುತ್ತದೆ. ಮಳೆಯಿಲ್ಲದ ಸಂಜೆ ಎಲೆಯ ಅಡಿಭಾಗಕ್ಕೂ ಚಿಗುರಿಗೂ ಸಿಂಪಡಿಸಿ, ವಾರ ಬಿಟ್ಟು ಇನ್ನೊಮ್ಮೆ. ಹೇನಿನ ಸಿಹಿ ರಸಕ್ಕಾಗಿ ಇರುವೆಗಳೇ ಅದನ್ನು ಕಾಯುತ್ತವೆ. ಇರುವೆ ಸಾಲು ಬುಡದಲ್ಲಿ ಕಂಡ ದಿನವೇ ಚಿಗುರು ನೋಡಲು ಮಕ್ಕಳಿಗೆ ಹೇಳಿಕೊಡಿ. ಆಗ ಬೆರಳಲ್ಲಿ ಉಜ್ಜಿದರೂ ಹೋಗುವಷ್ಟೇ ಹೇನು ಇರುತ್ತದೆ.