ಯಾರಿಗೆ ಎಷ್ಟು ನಿಮಿಷ?

ಕಾಲೇಜು ಹುಡುಗಿಯರ ಬಾಸ್ಕೆಟ್‌ಬಾಲ್ ಬಗ್ಗೆ ಪ್ರಶ್ನೆ ಕಳಿಸಿ ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದೆ. ಹುಬ್ಬಳ್ಳಿ-ಧಾರವಾಡದಿಂದ ಬರುತ್ತವೆ ಅಂತ ಗೊತ್ತಿತ್ತು. ಗದಗ, ಹಾವೇರಿ ಕಡೆಯಿಂದಲೂ ಬಂದಿವೆ, ಖುಷಿಯಾಯಿತು. ಹೆಚ್ಚಿನವರು ಕೇಳಿರುವುದು ಒಂದೇ: ಯಾರನ್ನು ಆಡಿಸಿದರು, ಯಾರನ್ನು ಕೂರಿಸಿದರು, ಯಾಕೆ? ನಾನು ಧಾರವಾಡದಲ್ಲಿ ದೈಹಿಕ ಶಿಕ್ಷಣ ನಿರ್ದೇಶಕಿಯಾಗಿದ್ದವಳು. ಹುಡುಗಿಯರ ತಂಡದ ಬೆಂಚಿನ ಪಕ್ಕ ನಿಂತೇ ನನ್ನ ನೌಕರಿ ಮುಗಿಯಿತು. ಹಾಗಾಗಿ ಈ ಪತ್ರಗಳನ್ನು ಓದಿ ಸುಮ್ನೆ ಎರಡು ಸಾಲಿನ ಉತ್ತರ ಬರೆಯಲು ಮನಸ್ಸಾಗಲಿಲ್ಲ.

ಪ್ರಶ್ನೆ: ಮೇಡಂ, ನಾವು ಗೆಳೆಯರು ಮಧ್ಯರಾತ್ರಿ ಎದ್ದು ಅಮೆರಿಕದ ಕಾಲೇಜು ಮಹಿಳಾ ಬಾಸ್ಕೆಟ್‌ಬಾಲ್ ನೋಡುತ್ತೇವೆ. ಸೌತ್ ಕ್ಯಾರೊಲೈನಾ ತಂಡದಲ್ಲಿ ಮಿಲೇಸಿಯಾ ಫುಲ್‌ವೈಲಿಯಂಥ ಆಟಗಾರ್ತಿಯನ್ನು ಎರಡು ವರ್ಷ ಹೆಚ್ಚಾಗಿ ಬೆಂಚಿನಿಂದಲೇ ಇಳಿಸಿದರು. 2025ರಲ್ಲಿ ಅವಳು ತಂಡ ಬಿಟ್ಟು ಎಲ್‌ಎಸ್‌ಯು (ಲೂಸಿಯಾನ ಸ್ಟೇಟ್ ಯೂನಿವರ್ಸಿಟಿ) ಸೇರಿದಳು. ಕೋಚ್ ಡಾನ್ ಸ್ಟೇಲಿ ಮಾಡಿದ್ದು ಅನ್ಯಾಯ ಅಂತ ನನ್ನ ವಾದ. ಅಷ್ಟು ಗೆದ್ದ ಕೋಚಿಗೆ ಹೇಳಲು ನೀನ್ಯಾರು ಅಂತ ಗೆಳೆಯರು. ನೀವೇನಂತೀರಿ?
— ಸಪ್ತಾಪುರ, ಧಾರವಾಡ

ಉತ್ತರ: ಮೊದಲು ಲೆಕ್ಕ ನೋಡೋಣ. ಪಂದ್ಯ 40 ನಿಮಿಷ, ಅಂಗಳದಲ್ಲಿ ಐದು ಜನ. ಅಂದರೆ ಕೋಚ್ ಕೈಯಲ್ಲಿರುವುದು ಒಟ್ಟು 200 ನಿಮಿಷ. ಹತ್ತು ಜನರನ್ನು ಆಡಿಸಿದರೆ ತಲೆಗೆ 20 ನಿಮಿಷ ಬರುತ್ತದೆ. ಒಬ್ಬಳಿಗೆ 32 ಕೊಟ್ಟರೆ ಆ 12 ನಿಮಿಷ ಇನ್ನೊಬ್ಬಳ ಪಾಲಿನಿಂದಲೇ ಹೋಗಬೇಕು. ಫುಲ್‌ವೈಲಿಗೆ ಜಾಸ್ತಿ ಕೊಡಬೇಕಿತ್ತು ಅನ್ನುವವರು ಯಾರಿಂದ ಕಡಿಮೆ ಮಾಡಬೇಕಿತ್ತು ಅನ್ನುವುದನ್ನೂ ಹೇಳಬೇಕು. ನಿಮ್ಮ ಪತ್ರದಲ್ಲಿ ಆ ಹೆಸರು ಇಲ್ಲ.

2024ರ ಏಪ್ರಿಲ್‌ನಲ್ಲಿ ಸೌತ್ ಕ್ಯಾರೊಲೈನಾ ಆಡಿದ ರಾಷ್ಟ್ರೀಯ ಫೈನಲ್ ನೀವು ನೋಡಿಯೇ ಇರುತ್ತೀರಿ. ಎದುರಿಗೆ ಅಯೋವಾ, ಅದರಲ್ಲಿ ಕೇಟ್ಲಿನ್ ಕ್ಲಾರ್ಕ್. ಮೊದಲ ಕ್ವಾರ್ಟರ್‌ನಲ್ಲೇ, ಅಂದರೆ ಮೊದಲ ಹತ್ತು ನಿಮಿಷದಲ್ಲೇ, ಅವಳು 18 ಅಂಕ ಹೊಡೆದಳು. ಉಳಿದ ಮೂರು ಕ್ವಾರ್ಟರ್ ಸೇರಿ ಅವಳಿಗೆ ಸಿಕ್ಕಿದ್ದು 12. ಸೌತ್ ಕ್ಯಾರೊಲೈನಾ 87-75ರಿಂದ ಗೆದ್ದು, ಒಂದೂ ಪಂದ್ಯ ಸೋಲದೆ 38-0 ಆಗಿ ವರ್ಷ ಮುಗಿಸಿತು. ನನಗೆ ಆ ಪಂದ್ಯದಲ್ಲಿ ಮುಖ್ಯ ಅನಿಸಿದ್ದು ಬೇರೆ ಅಂಕಿ. ಸೌತ್ ಕ್ಯಾರೊಲೈನಾ ಬೆಂಚಿನಿಂದ ಬಂದ ಹುಡುಗಿಯರು 37 ಅಂಕ ಗಳಿಸಿದರು. ಅಯೋವಾ ಬೆಂಚಿನಿಂದ ಬಂದದ್ದು ಸೊನ್ನೆ. ಮೊದಲ ವರ್ಷದ ಟೆಸ್ಸಾ ಜಾನ್ಸನ್ ಬೆಂಚಿನಿಂದ ಎದ್ದು ಬಂದು 19 ಹೊಡೆದಳು. ರಿಬೌಂಡ್, ಅಂದರೆ ಗುರಿ ತಪ್ಪಿ ಪುಟಿದ ಚೆಂಡು ಹಿಡಿದದ್ದು, 51-29. ಕಾಲಲ್ಲಿ ಇನ್ನೂ ಕಸುವಿದ್ದವರು ಚೆಂಡಿಗೆ ಮೊದಲು ಹಾರಿದರು, ಅಷ್ಟೇ. ಆ ಕಸುವು ಆ ಒಂದು ರಾತ್ರಿ ಬಂದದ್ದಲ್ಲ. ನವೆಂಬರ್‌ನಿಂದ ಎಲ್ಲರಿಗೂ ನಿಮಿಷ ಹಂಚುತ್ತಾ ಬಂದದ್ದರಿಂದ ಏಪ್ರಿಲ್‌ನಲ್ಲಿ ಅದು ಉಳಿದಿತ್ತು.

ಸ್ಟೇಲಿ ಸ್ವತಃ ಅಂಗಳದಲ್ಲಿ ಆಟ ನಡೆಸುವ ಪಾಯಿಂಟ್ ಗಾರ್ಡ್ ಆಗಿ ಮೂರು ಒಲಿಂಪಿಕ್ ಚಿನ್ನ ಗೆದ್ದವರು. ಕೋಚ್ ಆಗಿ 2017, 2022, 2024ರಲ್ಲಿ ಇದೇ ತಂಡಕ್ಕೆ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟವರು. ಹಾಗಂತ ಅವರನ್ನು ಪ್ರಶ್ನೆ ಮಾಡಬಾರದು ಅನ್ನುವ ನಿಮ್ಮ ಗೆಳೆಯರ ಮಾತು ನನಗೆ ಒಪ್ಪಿಗೆ ಇಲ್ಲ. ಫುಲ್‌ವೈಲಿ 20 ನಿಮಿಷದೊಳಗೆ ಆಡಿಯೂ ಪಂದ್ಯಕ್ಕೆ ಸರಾಸರಿ 11ರ ಮೇಲೆ ಅಂಕ ತೆಗೆಯುತ್ತಿದ್ದಳು. ಅಷ್ಟು ತೆಗೆಯುವ ಹುಡುಗಿ ಇನ್ನೂ ಹತ್ತು ನಿಮಿಷ ಕೇಳಿದರೆ ಅದು ದುರಾಸೆ ಅಲ್ಲ. ಕೋಚ್ ತನ್ನ ತಂಡಕ್ಕೆ ಸರಿ ಕಂಡದ್ದನ್ನು ಮಾಡಿದರು. ಹುಡುಗಿ ತನಗೆ ಸರಿ ಕಂಡ ದಾರಿ ಹಿಡಿದಳು. ಇಬ್ಬರಲ್ಲಿ ಒಬ್ಬರು ತಪ್ಪಿರಲೇಬೇಕು ಅಂತ ನೀವ್ಯಾಕೆ ಹಟ ಹಿಡಿದಿದ್ದೀರಿ?

ಇನ್ನೊಂದು ಮಾತು ಸೇರಿಸುತ್ತೇನೆ. ಅಲ್ಲಿ ಈಗಿನ ನಿಯಮದಲ್ಲಿ ಕಾಲೇಜು ಬದಲಿಸಿದರೆ ಒಂದು ವರ್ಷ ಆಡದೆ ಕೂರಬೇಕು ಅಂತಿಲ್ಲ. ಬೇಸರವಾದರೆ ಹೋಗಬಹುದು. ನಮ್ಮ ಹುಡುಗಿಗೆ ಆ ಬಾಗಿಲು ಎಲ್ಲಿದೆ? ಬಸ್ ಪಾಸ್, ಹಾಸ್ಟೆಲ್, ಮನೆಯವರ ಒಪ್ಪಿಗೆ ಎಲ್ಲ ಹೊಂದಿಸಿಕೊಂಡು ಒಂದು ಕಾಲೇಜು ಸೇರಿರುತ್ತಾಳೆ. ಅಲ್ಲಿ ಬೆಂಚಿನ ಮೇಲೆ ಕೂರಿಸಿದರೆ ಮೂರು ವರ್ಷ ಬೆಂಚೇ ಗತಿ. ಅದಕ್ಕೇ ನಿಮಿಷ ಹಂಚುವಾಗ ನಮ್ಮ ಕೋಚ್‌ಗಳ ಮೇಲೆ ಸ್ಟೇಲಿಗಿಂತ ದೊಡ್ಡ ಹೊಣೆ ಇದೆ ಅಂತ ನಾನು ನಂಬಿದ್ದೇನೆ.

ಪ್ರಶ್ನೆ: ನಮ್ಮ ಅಂತರ ಕಾಲೇಜು ಪಂದ್ಯಗಳಲ್ಲಿ ಯಾರು ಎಷ್ಟು ನಿಮಿಷ ಆಡಿದರು ಅನ್ನೋದೇ ಸಿಗುವುದಿಲ್ಲ. ಪಂದ್ಯ ಮುಗಿದ ಮೇಲೆ ಚಹಾ ಅಂಗಡಿಯಲ್ಲಿ ಬಾಯಿಗೆ ಬಂದಂತೆ ವಾದ ನಡೆಯುತ್ತದೆ. ಸರಿಯಾಗಿ ತಿಳಿಯುವುದು ಹೇಗೆ?
— ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಎಷ್ಟು ಒಳ್ಳೆಯ ಪ್ರಶ್ನೆ! ಮೇಜಿನ ಮೇಲಿನ ಸ್ಕೋರ್‌ಶೀಟ್‌ನಲ್ಲಿ ಅಂಕ, ಫೌಲ್, ಟೈಮ್‌ಔಟ್ ಇರುತ್ತವೆ. ಆಟಗಾರ್ತಿ ಅಂಗಳಕ್ಕೆ ಇಳಿದಳು ಅನ್ನುವುದಕ್ಕೆ ಹೆಸರಿನ ಮುಂದೆ ಒಂದು ಅಡ್ಡಗುರುತು ಇರುತ್ತದೆ. ಶುರುವಿನ ಐವರ ಗುರುತಿಗೆ ಸುತ್ತು ಹಾಕಿರುತ್ತಾರೆ. ನಿಮಿಷ ಮಾತ್ರ ಎಲ್ಲೂ ಇರುವುದಿಲ್ಲ. 30 ಸೆಕೆಂಡ್ ಆಡಿದವಳಿಗೂ 30 ನಿಮಿಷ ಆಡಿದವಳಿಗೂ ಒಂದೇ ಅಡ್ಡಗುರುತು.

ಹಾಗಾಗಿ ನೀವೇ ಬರೆದುಕೊಳ್ಳಿ. ಇಪ್ಪತ್ತು ರೂಪಾಯಿಯ ನೋಟ್‌ಬುಕ್ ಸಾಕು. ಒಬ್ಬಳು ಒಳಗೆ ಹೋದಾಗ ಗಡಿಯಾರದ ಸಮಯ ಮತ್ತು ಸ್ಕೋರು, ಹೊರಗೆ ಬಂದಾಗ ಮತ್ತೆ ಸಮಯ ಮತ್ತು ಸ್ಕೋರು. ಉದಾಹರಣೆಗೆ, ಅವಳು ಇಳಿದಾಗ ನಮ್ಮ ತಂಡ 22-25 ಹಿಂದಿತ್ತು. ಹೊರಗೆ ಬಂದಾಗ 34-31 ಮುಂದಿತ್ತು. ಅವಳು ಹೊಡೆದದ್ದು ಬರೀ ಎರಡು ಅಂಕ. ಆದರೆ ಅವಳು ಅಂಗಳದಲ್ಲಿದ್ದ ಹೊತ್ತಿನಲ್ಲಿ ತಂಡಕ್ಕೆ ಆರು ಅಂಕದ ಲಾಭ ಆಯಿತು. ಇದಕ್ಕೆ ಪ್ಲಸ್-ಮೈನಸ್ ಅನ್ನುತ್ತಾರೆ. ಒಂದೇ ಪಂದ್ಯದ ಅಂಕಿ ಹಿಡಿದು ಜಗಳಕ್ಕೆ ನಿಲ್ಲಬೇಡಿ. ಜೊತೆಗೆ ಯಾರು ಆಡುತ್ತಿದ್ದರು, ಎದುರಿನವರು ಬಲವಾದ ಐವರನ್ನು ಇಳಿಸಿದ್ದರೋ ಇಲ್ಲವೋ ಅನ್ನುವುದೆಲ್ಲ ಅದರಲ್ಲಿ ಸೇರಿಕೊಂಡಿರುತ್ತದೆ. ಒಂದು ಇಡೀ ಟೂರ್ನಿ ಬರೆಯಿರಿ, ಆಗ ಒಂದು ಚಿತ್ರ ಕಾಣುತ್ತದೆ.

ಫೌಲ್ ಕೂಡ ಗಮನಿಸಿ. ಐದನೇ ಫೌಲ್‌ಗೆ ಆಟಗಾರ್ತಿ ಹೊರಗೆ. ಮೊದಲ ಕ್ವಾರ್ಟರ್‌ನಲ್ಲೇ ಎರಡು ಫೌಲ್ ಆದವಳನ್ನು ಕೋಚ್ ಕೂರಿಸಿದರೆ ಅದು ಕೊನೆಯ ಕ್ವಾರ್ಟರ್‌ಗೆ ಅವಳನ್ನು ಉಳಿಸಿಕೊಳ್ಳಲು. ಗ್ಯಾಲರಿಯಲ್ಲಿ ಕೂತವರು ಇದನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಹೊಡೆಯುತ್ತಿದ್ದವಳನ್ನು ತೆಗೆದರು ಅಂತ ಕೂಗುತ್ತಾರೆ.

ಪ್ರಶ್ನೆ: ನಾನು ಬಿ.ಎ. ಎರಡನೇ ವರ್ಷ. ಪ್ರಾಕ್ಟೀಸ್‌ನಲ್ಲಿ ಎಲ್ಲರಿಗಿಂತ ಚೆನ್ನಾಗಿ ಶೂಟ್ ಮಾಡುತ್ತೇನೆ. ಪಂದ್ಯದಲ್ಲಿ ಸರ್ ನನ್ನನ್ನು ಕೊನೆಯ ಎರಡು ನಿಮಿಷಕ್ಕೆ ಇಳಿಸುತ್ತಾರೆ, ಅದೂ ನಾವು ತುಂಬಾ ಮುಂದಿದ್ದರೆ. ಕೇಳಲು ಹೆದರಿಕೆ. ಬಿಟ್ಟುಬಿಡಲೇ?
— ಬೆಟಗೇರಿ, ಗದಗ

ಉತ್ತರ: ಬಿಡಬೇಡ ತಂಗೀ. ಕೇಳು. ಆದರೆ ಪಂದ್ಯದ ದಿನ ಬೇಡ, ಬಸ್ಸಿನಲ್ಲಿ ಎಲ್ಲರ ಮುಂದೆಯೂ ಬೇಡ. ಮಾರನೇ ದಿನ ಪ್ರಾಕ್ಟೀಸಿಗೆ ಹತ್ತು ನಿಮಿಷ ಮುಂಚೆ ಹೋಗು. “ಅವಳನ್ನು ಆಡಿಸುತ್ತೀರಿ, ನನ್ನನ್ನು ಯಾಕಿಲ್ಲ?” ಅಂತ ಕೇಳಿದರೆ ಮಾತು ಅವಳ ಮೇಲೆ ಹೋಗುತ್ತದೆ. “ಸರ್, ಎರಡನೇ ಕ್ವಾರ್ಟರ್‌ನಲ್ಲಿ ನನ್ನನ್ನು ಇಳಿಸಬೇಕಾದರೆ ನಾನು ಏನು ಸುಧಾರಿಸಬೇಕು?” ಅಂತ ಕೇಳು. ಇದಕ್ಕೆ ಅವರು ಏನಾದರೂ ಹೇಳಲೇಬೇಕು.

ನಾನು ಊಹಿಸಬಲ್ಲೆ ಅವರು ಏನು ಹೇಳುತ್ತಾರೆ ಅಂತ. ಡಿಫೆನ್ಸ್. ಒಂಟಿಯಾಗಿ ನಿಂತು ಶೂಟ್ ಮಾಡುವುದಕ್ಕೂ, ಎದುರಿಗೆ ಒಬ್ಬಳು ಕೈ ಎತ್ತಿ ನಿಂತಾಗ ಮಾಡುವುದಕ್ಕೂ ಬಹಳ ವ್ಯತ್ಯಾಸ. ಅದಕ್ಕಿಂತ ದೊಡ್ಡ ಮಾತು, ನೀನು ಕಾಯಬೇಕಾದ ಹುಡುಗಿ ನಿನ್ನನ್ನು ದಾಟಿಕೊಂಡು ರಿಂಗಿನ ಹತ್ತಿರ ಹೋಗಿ ಲೇ-ಅಪ್ ಹಾಕಿದರೆ ನಿನ್ನ ಎರಡು ಅಂಕ ಅಲ್ಲೇ ವಜಾ ಆಯಿತು. ಶಾಟ್ ಎದ್ದ ಕೂಡಲೇ ಚೆಂಡಿನ ಹಿಂದೆ ಓಡುತ್ತೀಯಾ, ಇಲ್ಲ ಮೊದಲು ನಿನ್ನವಳನ್ನು ಬೆನ್ನಿನಿಂದ ತಡೆದು ಬಾಕ್ಸ್ ಔಟ್ ಮಾಡುತ್ತೀಯಾ? ಒತ್ತಡ ಬಂದಾಗ ಚೆಂಡು ಕಳೆದುಕೊಳ್ಳುತ್ತೀಯಾ? ಇವನ್ನು ನಿನ್ನ ಗೆಳತಿ ಒಂದು ಪ್ರಾಕ್ಟೀಸ್ ಪಂದ್ಯದಲ್ಲಿ ಬರೆದುಕೊಳ್ಳಲಿ, ನೀನೇ ಓದಿ ನೋಡು.

ಈಗ ನಿನ್ನ ಸರ್‌ಗೆ ಒಂದು ಮಾತು, ಈ ಪುಟ ಅವರೂ ಓದಲಿ. ಹುಡುಗಿ ಹೆದರಿ ಪತ್ರಿಕೆಗೆ ಬರೆಯುವ ಸ್ಥಿತಿ ಬರಬಾರದು. ಟೂರ್ನಿಗೆ ಹೊರಡುವ ಮುಂಚೆ ಪ್ರತಿಯೊಬ್ಬಳನ್ನೂ ಕರೆದು “ನಿನ್ನ ಕೆಲಸ ಇದು, ನಿನಗೆ ಸುಮಾರು ಇಷ್ಟು ನಿಮಿಷ” ಅಂತ ಹೇಳಲು ಅರ್ಧ ಗಂಟೆಯೂ ಬೇಡ. ನಾಲ್ಕೇ ನಿಮಿಷ ಅಂತ ಮೊದಲೇ ಗೊತ್ತಾದ ಹುಡುಗಿ ಆ ನಾಲ್ಕು ನಿಮಿಷಕ್ಕೆ ತಯಾರಾಗಿ ಬರುತ್ತಾಳೆ. ಏನೂ ಗೊತ್ತಿಲ್ಲದವಳು ಇಡೀ ಪಂದ್ಯ ಕೋಚ್ ಮುಖ ನೋಡುತ್ತಾ ಕೂರುತ್ತಾಳೆ.

ಪ್ರಶ್ನೆ: ಅಕ್ಕೋರೆ, ನಮ್ಮ ಮಗಳು ಕಾಲೇಜು ತಂಡದಲ್ಲಿ ಪೂರ್ತಿ 40 ನಿಮಿಷ ಆಡುತ್ತಾಳೆ. ಟೂರ್ನಿಯಲ್ಲಿ ಒಂದೇ ದಿನ ಎರಡು ಪಂದ್ಯ ಇದ್ದರೂ ಅವಳನ್ನು ಹೊರಗೆ ತೆಗೆಯುವುದಿಲ್ಲ. ನಮಗೆ ಹೆಮ್ಮೆ. ಆದರೆ ಮನೆಗೆ ಬಂದು ಮೊಣಕಾಲು ಹಿಡಿದುಕೊಂಡು ಕೂರುತ್ತಾಳೆ. ಅವಳ ತಾಯಿಗೆ ಭಯ. ಏನು ಮಾಡೋಣ?
— ರಾಣೆಬೆನ್ನೂರು, ಹಾವೇರಿ ಜಿಲ್ಲೆ

ಉತ್ತರ: ತಾಯಿಯ ಭಯ ಸರಿಯಾಗಿದೆ. ಮೊದಲು ಎಲುಬು-ಕೀಲು ಡಾಕ್ಟರಿಗೆ ತೋರಿಸಿ. ತೋರಿಸುವವರೆಗೆ ಆಟ ಬೇಡ. ಊತ ಇದ್ದರೆ, ಕಾಲು ಮಡಚಲು ಆಗದಿದ್ದರೆ, ಮೊಣಕಾಲು ಜಾರಿದ ಹಾಗೆ ಅನಿಸಿದರೆ ಒಂದು ದಿನವೂ ತಡ ಮಾಡಬೇಡಿ.

ಮೊಣಕಾಲಿನ ಒಳಗೆ ಎಸಿಎಲ್ ಅಂತ ಒಂದು ಕಟ್ಟು ಇದೆ. ಹಾರಿ ಇಳಿಯುವಾಗ, ಓಡುತ್ತಾ ಸಟ್ಟನೆ ತಿರುಗುವಾಗ ಅದು ಹರಿಯಬಹುದು. ಬಾಸ್ಕೆಟ್‌ಬಾಲ್‌ನಲ್ಲಿ ಹುಡುಗರಿಗಿಂತ ಹುಡುಗಿಯರಿಗೆ ಈ ಪೆಟ್ಟು ಹೆಚ್ಚು. ಅಮೆರಿಕದ ಯುಕಾನ್ (ಕನೆಕ್ಟಿಕಟ್ ಯೂನಿವರ್ಸಿಟಿ) ತಂಡದ ಪೇಜ್ ಬೆಕರ್ಸ್‌ಗೆ 2022ರಲ್ಲಿ ಹರಿಯಿತು, ಇಡೀ ಒಂದು ಸೀಸನ್ ಹೋಯಿತು. ಅದೇ ತಂಡದ ಅಝಿ ಫಡ್‌ಗೆ 2023ರಲ್ಲಿ. ಇಬ್ಬರೂ ವಾಪಸ್ ಬಂದು 2025ರ ಫೈನಲ್‌ನಲ್ಲಿ ಸೌತ್ ಕ್ಯಾರೊಲೈನಾವನ್ನು 82-59ರಿಂದ ಸೋಲಿಸಿದರು. ಆದರೆ ಅವರ ಹಿಂದೆ ಸರ್ಜನ್, ಫಿಸಿಯೋ, ಜಿಮ್ ಎಲ್ಲ ಇದ್ದವು. ನಮ್ಮ ಹುಡುಗಿಗೆ ಸಿಮೆಂಟ್ ಕೋರ್ಟ್, ಸವೆದ ಶೂ. ಪೆಟ್ಟಾದರೆ ಆಟ ಅಲ್ಲಿಗೇ ಮುಗಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೋರ್ಟಿಗೆ ಇಳಿಯುವ ಮುಂಚೆ ಹದಿನೈದು ನಿಮಿಷ ಸರಿಯಾಗಿ ವಾರ್ಮ್‌ಅಪ್ ಆಗಬೇಕು. ಹಾರಿ ಇಳಿಯುವಾಗ ಮೊಣಕಾಲು ಒಳಗೆ ವಾಲದಂತೆ, ಮಡಚಿ, ಮೆತ್ತಗೆ ಇಳಿಯುವುದನ್ನು ಕಲಿಸಬೇಕು. ಇದಕ್ಕೆ ದುಡ್ಡು ಬೇಡ.

ರಕ್ತ ಪರೀಕ್ಷೆಯನ್ನೂ ಮಾಡಿಸಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 57ರಷ್ಟು ಜನರಿಗೆ ರಕ್ತಹೀನತೆ ಕಂಡುಬಂದಿದೆ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದವಳು ಮೂರನೇ ಕ್ವಾರ್ಟರ್‌ಗೆ ಸುಸ್ತಾಗುತ್ತಾಳೆ. ಗ್ಯಾಲರಿಯವರು ಮೈಗಳ್ಳಿ ಅನ್ನುತ್ತಾರೆ. ಸುಸ್ತಾದ ಕಾಲು ತಪ್ಪಾಗಿ ಇಳಿಯುತ್ತದೆ, ಪೆಟ್ಟು ಆಗ ಬೀಳುತ್ತದೆ. ರೊಟ್ಟಿ ಜೊತೆ ಕಾಳಿನ ಪಲ್ಯ, ಸೊಪ್ಪು, ಶೇಂಗಾ ಹಿಂಡಿ ದಿನಾ ಇರಲಿ. ಡಾಕ್ಟರ್ ಕಬ್ಬಿಣದ ಮಾತ್ರೆ ಕೊಟ್ಟರೆ ಅರ್ಧಕ್ಕೆ ಬಿಡಬೇಡಿ.

40 ನಿಮಿಷ ಯಾಕೆ ಆಡಿಸುತ್ತಾರೆ ಅಂದರೆ, ಎಷ್ಟೋ ಸಲ ಬೆಂಚಿನಲ್ಲಿ ಜನರೇ ಇರುವುದಿಲ್ಲ. ತಂಡಕ್ಕೆ 12 ಜನರನ್ನು ಸೇರಿಸಿಕೊಳ್ಳಬಹುದು. ಕಾಲೇಜು ಬಸ್ ಖರ್ಚು, ಊಟದ ಖರ್ಚು ನೋಡಿ ಏಳೆಂಟು ಜನರನ್ನು ಕಳಿಸುತ್ತದೆ. ನಾನು ಕೆಲಸ ಮಾಡಿದ ಕಡೆ ಇದಕ್ಕಾಗಿ ಆಫೀಸಿನ ಬಾಗಿಲಲ್ಲಿ ನಿಂತು ಜಗಳ ಆಡಿದ್ದೇನೆ. ಹುಡುಗರ ಕ್ರಿಕೆಟ್ ತಂಡಕ್ಕೆ ಹದಿನಾರು ಜನ ಹೋಗುವಾಗ ಹುಡುಗಿಯರ ತಂಡಕ್ಕೆ ನಾಲ್ಕು ಟಿಕೆಟ್ ಜಾಸ್ತಿ ಅನಿಸುವುದು ಹೇಗೆ? ನೀವು ತಂದೆಯಾಗಿ ಪ್ರಿನ್ಸಿಪಾಲರನ್ನು ಭೇಟಿ ಮಾಡಿ, ಪೂರ್ತಿ ತಂಡ ಕಳಿಸಿ ಅಂತ ಬರವಣಿಗೆಯಲ್ಲಿ ಕೊಡಿ. ಒಬ್ಬರೇ ಹೋಗಬೇಡಿ, ಇನ್ನಿಬ್ಬರು ಪಾಲಕರನ್ನು ಕರೆದುಕೊಂಡು ಹೋಗಿ.

ಪ್ರಶ್ನೆ: ಸೋತಾಗ ವಾಟ್ಸಾಪ್ ಗ್ರೂಪ್‌ನಲ್ಲಿ ಆಟಗಾರ್ತಿಯರ ಬಗ್ಗೆ ಏನೇನೋ ಬರೆಯುತ್ತಾರೆ. ಅಭಿಮಾನಿಗಳಿಗೆ ಟೀಕೆ ಮಾಡುವ ಹಕ್ಕಿಲ್ಲವೇ?
— ಮಾಳಮಡ್ಡಿ, ಧಾರವಾಡ

ಉತ್ತರ: ಇದೆ. “ಫ್ರೀ ಥ್ರೋ ಹತ್ತರಲ್ಲಿ ನಾಲ್ಕೇ ಹಾಕಿದಳು” ಅನ್ನಿ. “ಎರಡನೇ ಅರ್ಧದಲ್ಲಿ ಓಡಲಿಲ್ಲ” ಅನ್ನಿ. ಅವಳ ಮೈಕಟ್ಟು, ಬಣ್ಣ, ಹಾಕಿಕೊಂಡ ಶಾರ್ಟ್ಸ್, ಅವಳ ಅಪ್ಪ-ಅವ್ವ ಇವುಗಳಿಗೂ ಆಟಕ್ಕೂ ಸಂಬಂಧ ಇಲ್ಲ. ಇಂಥ ಒಂದು ಸಂದೇಶ ಮನೆಯವರ ಕಣ್ಣಿಗೆ ಬಿದ್ದರೆ ಆ ಹುಡುಗಿಯ ಆಟವೇ ನಿಲ್ಲುತ್ತದೆ. ಗ್ರೂಪಿನ ಅಡ್ಮಿನ್ ಅದನ್ನು ಅಳಿಸಬೇಕು, ಬರೆದವನನ್ನು ಹೊರಗೆ ಹಾಕಬೇಕು.

ಪ್ರಶ್ನೆ: ಅಮೆರಿಕದ ಕಾಲೇಜು ಆಟದ ನಿಯಮಗಳೂ ನಮ್ಮ ನಿಯಮಗಳೂ ಒಂದೇನಾ? ಹುಡುಗಿಯರ ಚೆಂಡು ಚಿಕ್ಕದಾ?
— ಬ್ಯಾಡಗಿ

ಉತ್ತರ: ಚೆಂಡು ಎರಡೂ ಕಡೆ 6ನೇ ಸೈಜ್, ಹುಡುಗರದ್ದು 7. ರಿಂಗ್ ಎಲ್ಲರಿಗೂ ಹತ್ತು ಅಡಿ ಎತ್ತರ. ನಮ್ಮಲ್ಲಿ ಫಿಬಾ (ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟ) ನಿಯಮ: ಹತ್ತು ನಿಮಿಷದ ನಾಲ್ಕು ಕ್ವಾರ್ಟರ್, 24 ಸೆಕೆಂಡಿನೊಳಗೆ ಶಾಟ್. ಅಮೆರಿಕದ ಕಾಲೇಜು ಹುಡುಗಿಯರೂ 2015-16ರಿಂದ ನಾಲ್ಕು ಕ್ವಾರ್ಟರ್ ಆಡುತ್ತಾರೆ, ಆದರೆ ಶಾಟ್‌ಗೆ 30 ಸೆಕೆಂಡ್ ಸಿಗುತ್ತದೆ. ಮೂರು ಅಂಕದ ಗೆರೆ ಈಗ ಎರಡೂ ಕಡೆ 6.75 ಮೀಟರ್. ನಿಮ್ಮೂರಿನ ಶಾಲೆಯಲ್ಲಿ ಹುಡುಗಿಯರು 7ನೇ ಸೈಜಿನ ಚೆಂಡಿನಲ್ಲೇ ಪ್ರಾಕ್ಟೀಸ್ ಮಾಡುತ್ತಿದ್ದರೆ, ಮುಂದಿನ ಸಲ ಕ್ರೀಡಾ ಸಾಮಾನು ತರಿಸುವಾಗ 6ನೇ ಸೈಜ್ ಅಂತ ಚೀಟಿಯಲ್ಲಿ ಬರೆದು ಕೊಡಿ. ಬರೆಯದಿದ್ದರೆ ಅಂಗಡಿಯವರು 7 ಕೊಟ್ಟು ಕಳಿಸುತ್ತಾರೆ.